ಗುಬ್ಬಿ ಹಾರದ ದಿನ

ತಮ್ಮನಿಗೆ ಇನ್ನೂರು ಗಂಟೆ ಬೇಕಾಗಿತ್ತು. ಅಕ್ಕನಿಗೆ ಬೇಕಾದದ್ದು ಒಂದೇ ಒಂದು ಮಧ್ಯಾಹ್ನ.

ಹಾರಾಟದ ಶಾಲೆಯ ದಾಖಲೆ ಕೋಣೆ ಅಕ್ಕನ ಸಾಮ್ರಾಜ್ಯ: ನಾಲ್ಕು ಕಬ್ಬಿಣದ ಬೀರು, ಒಂದು ಏಣಿ, ಧೂಳಿಗೆ ಬೇಕಾದಷ್ಟು ಸೀನು. ಅಮ್ಮ ಹೋದ ಮರುವರ್ಷ ಇಲ್ಲಿ ಕೆಲಸಕ್ಕೆ ಸೇರಿದ್ದಳು. ತಮ್ಮ ಅದಕ್ಕೂ ಮೊದಲೇ ಇದೇ ಶಾಲೆಯಲ್ಲಿ ವಿಮಾನ ಓಡಿಸಲು ಕಲಿತವನು. ಹಾರಿದ್ದನ್ನೆಲ್ಲ ಬರೆದಿಟ್ಟಿದ್ದ ಲಾಗ್‌ಬುಕ್ಕನ್ನು ಹೋದ ತಿಂಗಳು ಬ್ಯಾಗಿನ ಸಮೇತ ಬಸ್ಸಿನಲ್ಲಿ ಬಿಟ್ಟು ಇಳಿದಿದ್ದ. ಹೊಸ ಕೆಲಸದವರು ಇನ್ನೂರು ಗಂಟೆ ಹಾರಿದ್ದಕ್ಕೆ ಪುರಾವೆ ಕೇಳಿದಾಗ ಅಕ್ಕನ ಮೇಜಿನ ಮುಂದೆ ನೆನೆದ ಬೆಕ್ಕಿನ ಹಾಗೆ ಬಂದು ನಿಂತ.

"ಆಕಾಶದಲ್ಲಿ ದಾರಿ ತಪ್ಪದವನು ಬಸ್ಸಲ್ಲಿ ಬ್ಯಾಗ್ ಮರೀತಾನೆ. ಭೇಷ್!" ಎಂದಳು ಅಕ್ಕ.

ಹಾರಿದವನ ಪುಸ್ತಕ ಕಳೆದರೂ ವಿಮಾನದ ಪುಸ್ತಕ ಇರುತ್ತದೆ. ಯಾವ ದಿನ, ಯಾರು, ಎಷ್ಟು ಹೊತ್ತಿಗೆ ಏರಿ ಎಷ್ಟು ಹೊತ್ತಿಗೆ ಇಳಿದರು, ಎಲ್ಲವೂ ಅದರಲ್ಲಿ ದಾಖಲು. ಶಾಲೆಗೆ ಇದ್ದದ್ದೇ ಎರಡು ವಿಮಾನ, ಗುಬ್ಬಿ ಮತ್ತು ಗೂಬೆ. ಅಕ್ಕ ಓದುತ್ತ ಹೋದಳು, ತಮ್ಮ ಬರೆದುಕೊಳ್ಳುತ್ತ ಹೋದ.

ಬೇಸರವಾದಾಗ ಅವನು ಮೂಗು ಮೇಷ್ಟ್ರ ಅಣಕ ಮಾಡುತ್ತಿದ್ದ. ಮೇಷ್ಟ್ರ ಮೂಗೇನೂ ದೊಡ್ಡದಲ್ಲ, ಕಲಿಯುವವರು ವಿಮಾನದ ಮೂತಿ ಸ್ವಲ್ಪ ಎತ್ತಿದರೆ ಸಾಕು, "ಮೂಗು! ಮೂಗು ಇಳಿಸೋ! ಸ್ವರ್ಗಕ್ಕೆ ನಾನಿನ್ನೂ ಟಿಕೆಟ್ ತಗೊಂಡಿಲ್ಲ!" ಎಂದು ಕಿರುಚುತ್ತಿದ್ದರು. ಈ ಅಣಕಕ್ಕೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಆಸ್ಪತ್ರೆ ಸೇರಿದ ಮೇಲೂ.

ಮೂರನೇ ದಿನ ಲೆಕ್ಕ ಇನ್ನೂರ ಮೂರಕ್ಕೆ ಬಂತು.

"ಸಾಕಕ್ಕ. ಸೀಲು ಹೊಡಿ."

"ಇರು. ಆ ದಿನದ್ದು ಬಂದಿಲ್ಲ."

ಯಾವ ದಿನ ಎಂದು ತಮ್ಮ ಕೇಳಲಿಲ್ಲ. "ಬೇಡ ಬಿಡೇ, ಇನ್ನೂರು ದಾಟಿತಲ್ಲ."

ಅಷ್ಟರಲ್ಲಿ ಅಕ್ಕ ಏಣಿ ಹತ್ತಿಯಾಗಿತ್ತು.

ಅಮ್ಮ ಹೋದ ದಿನ ಅವನು ಆಸ್ಪತ್ರೆಗೆ ಬಂದಿರಲಿಲ್ಲ. ಅವತ್ತು ಒಬ್ಬನೇ ಹಾರುವ ಪರೀಕ್ಷೆ, ನಿಮ್ಮ ತಲೆಯ ಮೇಲಿಂದಲೇ ಹೋಗ್ತೀನಿ ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದ. ನಾಲ್ಕು ಗಂಟೆಯ ಹೊತ್ತಿಗೆ ಗುರ್ ಎಂದು ಸದ್ದು ಕೇಳಿತು. ಅಕ್ಕ ಕಿಟಕಿಗೆ ಓಡಿದಳು. "ಅಮ್ಮಾ, ಬಂದ! ಅಲ್ಲಿ, ಅಲ್ಲಿ!" ಅಮ್ಮನಿಗೆ ಕತ್ತು ತಿರುಗಿಸುವಷ್ಟೂ ಶಕ್ತಿ ಇರಲಿಲ್ಲ. ತುಟಿ ಮಾತ್ರ ಅಲುಗಿತು. "ಮೂಗು... ಇಳಿಸೋ." ಅದಾದ ಮೇಲೆ ಅಮ್ಮ ಮಾತಾಡಲಿಲ್ಲ.

ಮಗ ಬರಲೇ ಇಲ್ವಾ ಎಂದು ಯಾರು ರಾಗ ಎಳೆದರೂ ಅಕ್ಕ ಜಗಳಕ್ಕೇ ನಿಲ್ಲುತ್ತಿದ್ದಳು. "ಬಂದಿದ್ದ. ಮೇಲಿಂದ ಬಂದಿದ್ದ." ಆ ದಿನದ ವಿಮಾನದ ಪುಸ್ತಕ ತನ್ನ ಕೋಣೆಯಲ್ಲೇ ಇದ್ದರೂ ಒಮ್ಮೆಯೂ ತೆಗೆದು ನೋಡಿರಲಿಲ್ಲ. ಪುರಾವೆ ಕೇಳುವುದು ಅನುಮಾನ ಇದ್ದವರು ತಾನೇ?

ಗುಬ್ಬಿಯ ಪುಸ್ತಕದಲ್ಲಿ ಆ ತಾರೀಖಿನ ಎದುರು ಮೆಕ್ಯಾನಿಕ್‌ನ ದಪ್ಪ ಅಕ್ಷರ: ಚಕ್ರ ಬಿಚ್ಚಿದೆ, ಹಾರಾಟ ಇಲ್ಲ.

"ಹಾಗಾದ್ರೆ ಗೂಬೆ ಇರಬೇಕು," ಎಂದಳು ಅಕ್ಕ, ಅವನ ಪರವಾಗಿ ತಾನೇ ವಕೀಲಳಾಗಿ.

ಗೂಬೆ ಅವತ್ತು ಎರಡು ಸಲ ಏರಿತ್ತು. ಎರಡೂ ಬೆಳಿಗ್ಗೆ, ಎರಡೂ ಬೇರೊಬ್ಬಳ ಹೆಸರಲ್ಲಿ.

"ಪರೀಕ್ಷೆ ಮುಂದಕ್ಕೆ ಹೋಯ್ತು," ಎಂದ ತಮ್ಮ, ನೆಲ ನೋಡುತ್ತ.

"ಮತ್ತೆ ಎಲ್ಲಿದ್ದೆ?"

ಹಾರಿಕೆಯ ಉತ್ತರ ಕೊಡುವುದರಲ್ಲಿ ಅವನಿಗೆ ಇನ್ನೂರು ಗಂಟೆಗಿಂತ ಹೆಚ್ಚಿನ ಅನುಭವವಿತ್ತು. ಇವತ್ತು ಅದನ್ನೆಲ್ಲ ಬದಿಗಿಟ್ಟ.

"ಆಸ್ಪತ್ರೆ ಎದುರಿನ ಬಸ್ ಸ್ಟಾಪಲ್ಲಿ. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದೆ. ಒಳಗೆ ಬರೋಕೆ ಕಾಲೇ ಏಳಲಿಲ್ಲ. ಅಮ್ಮನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗಲ್ಲ ಅನ್ನಿಸ್ತು." ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ನೀನು ಕಿಟಕಿಗೆ ಬಂದು ಮೇಲೆ ಕೈ ತೋರಿಸಿದೆ. ನಾನೂ ತಲೆ ಎತ್ತಿ ನೋಡಿದೆ ಅಕ್ಕ. ಏನೂ ಇರಲಿಲ್ಲ."

"ಸದ್ದು ಬಂತಲ್ಲೋ."

"ಜನರೇಟರ್ ಕಣೇ. ಕರೆಂಟ್ ಹೋಗಿತ್ತು."

ಅಕ್ಕನ ಬೆರಳು ಆ ಸಾಲಿನ ಮೇಲೇ ಇತ್ತು. "ಆಮೇಲಾದ್ರೂ ಹೇಳಬಹುದಿತ್ತು."

"ನೀನು ಎಲ್ಲರ ಹತ್ರ ಅಷ್ಟು ಜೋರಾಗಿ ಹೇಳ್ತಿದ್ದೆ. ಕೇಳ್ತಾ ಕೇಳ್ತಾ ಹಾರಿದ್ದೆ ಅಂತ ನಂಗೂ ಅನ್ನಿಸಿಬಿಟ್ಟಿತ್ತು."

ಅಕ್ಕ ಅವನ ಪಟ್ಟಿಯನ್ನು ಎಳೆದುಕೊಂಡಳು. ಹಾಳೆ ಹಾಳೆಗೂ ಸೀಲು ಹೊಡೆದಳು, ಸಹಿ ಹಾಕಿದಳು. ಹಾರಿದ್ದರಲ್ಲಿ ಒಂದು ನಿಮಿಷವನ್ನೂ ಕಡಿಮೆ ಮಾಡಲಿಲ್ಲ. ಅವನು ಹಾಳೆಗಳನ್ನು ಎತ್ತಿಕೊಂಡು ಬಾಗಿಲ ತನಕ ಹೋಗಿ ನಿಂತ.

"ಬೈದುಬಿಡು ಅಕ್ಕ."

"ಅಮ್ಮ ಇದ್ದದ್ದು ಮೊದಲನೇ ಮಹಡಿ ಕಣೋ," ಎಂದಳು ಅಕ್ಕ. "ಇಪ್ಪತ್ತೆರಡೇ ಮೆಟ್ಟಿಲು."