ಜೊತೆಗೆ ಕಟ್ಟಿದ ಚಿಪ್

2009ರಲ್ಲಿ ಗೊಬ್ಬರದ ಅಂಗಡಿ ಮುಚ್ಚಿ ಗಂಗಾವತಿಯಲ್ಲಿ ಕಂಪ್ಯೂಟರ್ ಅಂಗಡಿ ತೆರೆದಾಗ ಅಂದಪ್ಪ, "ಯೂರಿಯಾ ಕೇಳಿದೋರಿಗೆ ಲಿಂಕ್ ಅಂತ ಬ್ಯಾಡಾದ ಜಿಂಕ್ ಚೀಲ ಕೊರಳಿಗೆ ಕಟ್ಟೋ ಧಂದೆ ಸಾಕಾತು" ಎಂದಿದ್ದ. ಆ ಮಾತು ನಂಬಿಯೇ ರೇಣುಕಾದೇವಿ ಅವನಲ್ಲಿ ಸಣ್ಣ ಲ್ಯಾಪ್‌ಟಾಪ್ ಕೊಂಡಳು. ಊರೂರು ತಿರುಗಿ ಹೆಂಗಸರಿಗೆ ಭತ್ತದ ಸಾಲುನಾಟಿಯ ವಿಡಿಯೊ ತೋರಿಸುವುದು ಅವಳ ಕೆಲಸ. ಹುಲಿಹೈದರದಲ್ಲಿ ಎಲ್ಲರೆದುರು ಚಿತ್ರ ಮುಗ್ಗರಿಸಿ ಮುಗ್ಗರಿಸಿ ನಿಂತೇಬಿಟ್ಟಿತು. ಮರುದಿನ ಅವಳು ಅದನ್ನು ತಂದು ಅಂದಪ್ಪನ ಮೇಜಿನ ಮೇಲೆ ಕುಕ್ಕಿದಳು.

"ಇದರಾಗ ವಿಡಿಯೊ ಓಡಂಗಿಲ್ಲ. ಛಲೋ ಚಿಪ್ ಇರೋ ಸಣ್ಣ ಲ್ಯಾಪ್‌ಟಾಪ್ ಕೊಡು."

"ಅಂಥಾದ್ದು ಬರಂಗಿಲ್ರಿ ಅಕ್ಕಾರ. ಚಿಪ್ ಮಾಡೋ ಕಂಪನಿಯವರು ಮುಖ್ಯ ಚಿಪ್ಪಿನ ಜೋಡಿ ಚಿತ್ರ ಓಡಿಸೋ ತಮ್ಮ ಸಾದಾ ಚಿಪ್ಪನ್ನೂ ಕಟ್ಟಿ ಕೊಡ್ತಾರ. ಒಂದ ಸಾಕಂದ್ರ ಎರಡಕ್ಕಿಂತ ತುಟ್ಟಿ. ಅದಕ್ಕ ಲ್ಯಾಪ್‌ಟಾಪ್ ಮಾಡೋರು ಬ್ಯಾರೇದು ಹಾಕೋ ಗೋಜಿಗೇ ಹೋಗಂಗಿಲ್ಲ."

"ಇದೂ ಲಿಂಕ್ ಏನು! ಗೊತ್ತಿದ್ದೂ ನನ್ನ ಕೊರಳಿಗೆ ಕಟ್ಟಿದಿ?"

ಅಂದಪ್ಪ ನೆಲ ನೋಡಿದ. "ಮ್ಯಾಲಿಂದಾನ ಹಂಗ ಬರ್ತೈತ್ರಿ. ನಾ ಏನ್ ಮಾಡ್ಲಿ?"

ಗೊಬ್ಬರದ ಅಂಗಡಿಯಲ್ಲೂ ಅವನು ಇದೇ ದನಿಯಲ್ಲಿ ಇದೇ ಮಾತು ಹೇಳುತ್ತಿದ್ದ.

"ಆವಾಗಿನ ಜಿಂಕ್ ಆದ್ರೂ ಹೊಲಕ್ಕ ಬಿತ್ತು" ಎಂದಳು ರೇಣುಕಾದೇವಿ. "ಇದನ್ನ ಎಲ್ಲಿ ಚೆಲ್ಲಲೋ?"