ಮತ್ತೆ ಅರಳುವುದಂತೆ

ಇಂಗ್ಲಿಷಿನಲ್ಲಿ ಹೊಸ ಪದ ಹುಟ್ಟಿಸುವುದು ನಂದಿತಾಳಿಗೆ ಈರುಳ್ಳಿ ಹೆಚ್ಚಿದಷ್ಟೇ ಸಲೀಸು. ಒಂದು ಪದದ ತಲೆ ಕತ್ತರಿಸಿ ಇನ್ನೊಂದರ ಬಾಲಕ್ಕೆ ಅಂಟಿಸಬೇಕು. ಅಂಟದಿದ್ದರೆ ಮುಂದೊಂದು 'ರೀ', ಹಿಂದೊಂದು 'ಇಂಗ್' ಸಿಕ್ಕಿಸಿದರಾಯಿತು. ಇಂದಿರಾನಗರದ ಒಂದು ಕಂಪನಿ ಅವಳಿಗೆ ಸಂಬಳ ಕೊಡುವುದೇ ಇದಕ್ಕೆ. ವರ್ಷಗಟ್ಟಲೆ ಅಂಟಿಸಿ ಅಂಟಿಸಿ ಅವಳಿಗೆ ಸಾಕಾಗಿಹೋಗಿತ್ತು. ಸಂಜೆ ಜೀವನ್ ಬಿಮಾ ನಗರದ ಮನೆ ಸೇರಿದರೆ ಯಾರೊಂದಿಗೂ ಮಾತೇ ಬೇಡವೆನಿಸುತ್ತಿತ್ತು.

ಕಳೆದ ವಾರ ಮ್ಯಾನೇಜರು ಇನ್ನೊಂದು ಪದ ಕೇಳಿದರು. ಒಂದಷ್ಟು ಜನರನ್ನು ಕೆಲಸದಿಂದ ತೆಗೆಯಬೇಕಿತ್ತು, ಆದರೆ ತೆಗೆದಂತೆ ಕೇಳಿಸಬಾರದಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಂದಿತಾ 'ಬ್ಲೂಮ್'ಗೆ ಒಂದು 'ರೀ' ಹಚ್ಚಿ 'ರೀಬ್ಲೂಮ್' ಮಾಡಿಕೊಟ್ಟಳು. ಮತ್ತೆ ಅರಳುವುದಂತೆ! ಯಾರ್‍ಯಾರನ್ನು ತೆಗೆಯುತ್ತಾರೆಂದು ಅವಳು ಕೇಳಲಿಲ್ಲ. ಕೇಳಲು ತ್ರಾಣವಿಲ್ಲ ಎಂದುಕೊಂಡಳು. ನಿಜಕ್ಕೂ ಇದ್ದದ್ದು ಭಯ.

ಇವತ್ತು ಮಧ್ಯಾಹ್ನ, ಆಫೀಸಿನಲ್ಲಿ ಟೀ ಕೊಟ್ಟು ಕಪ್ಪು ತೊಳೆಯುವ ಜಟ್ಟೆಮ್ಮ, ಒಂದು ತಟ್ಟೆ ಹಿಡಿದು ಬಂದಳು. ಸರ್ವಜ್ಞನಗರದ ಬೇಕರಿಯಿಂದ ತರಿಸಿದ, ಕೊಬ್ಬರಿ ತುಂಬಿದ ದಿಲ್‌ಪಸಂದ್, ನೀಟಾಗಿ ಕುಯ್ದಿದ್ದು. ಬೆಳಿಗ್ಗೆ ಅವಳ ಫೋನಿಗೆ 'ರೀಬ್ಲೂಮ್' ಎಂದು ಇಂಗ್ಲಿಷಿನಲ್ಲಿ ಮೆಸೇಜು ಬಂದಿತ್ತಂತೆ. ಸೂಪರ್‌ವೈಸರ್ ಮಧುಕರನಿಗೆ ತೋರಿಸಿದರೆ, ಅವನು ಅತ್ತಿತ್ತ ನೋಡಿ, ಹೂವು ಅರಳೋದು ಅಂತ ಅರ್ಥ ಎಂದಷ್ಟೇ ಹೇಳಿ ಜಾರಿಕೊಂಡನಂತೆ.

"ಕೊನೆಗೂ ಪರ್ಮನೆಂಟ್ ಮಾಡಿದ್ರು ಅನ್ಸುತ್ತೆ ಮೇಡಮ್. ನಿಮಗೆ ಅಂತ ದೊಡ್ಡ ಪೀಸು ಎತ್ತಿಟ್ಟಿದೀನಿ."

ನಂದಿತಾ ಕನ್ನಡದಲ್ಲಿ ಒಂದು ಮೆತ್ತನೆಯ ಪದಕ್ಕಾಗಿ ಹುಡುಕಿದಳು. ಇಷ್ಟು ವರ್ಷದ ಕಸುಬು ಕೈಕೊಟ್ಟಿತು. ಯಾವುದೂ ಯಾವುದಕ್ಕೂ ಅಂಟಲಿಲ್ಲ. ತಾನೂ ಮಧುಕರನಂತೆ ಜಾರಿಕೊಳ್ಳಬಹುದಿತ್ತು. ಆದರೆ ಜಟ್ಟೆಮ್ಮ ಸಂಜೆ ಹಲಸೂರಿನಲ್ಲಿ ಮಗಳ ಮನೆಯವರಿಗೂ ಸಿಹಿ ಹಂಚುವ ಮಾತಾಡುತ್ತಿದ್ದಳು. ಅದನ್ನು ಕೇಳಿಯೂ ಸುಮ್ಮನಿರಲು ನಂದಿತಾಳಿಂದ ಆಗಲಿಲ್ಲ.

"ಅಕ್ಕಾ, ನಿಮ್ಮನ್ನ ಕೆಲಸದಿಂದ ತೆಗೆದಿದಾರೆ. ಆ ಮೆಸೇಜಿನ ಅರ್ಥ ಅದು. ಆ ಪದ ಮಾಡಿದ್ದು ನಾನೇ."

ಜಟ್ಟೆಮ್ಮ ಅಳಲಿಲ್ಲ, ಬೈಯಲೂ ಇಲ್ಲ. ತಿರುಗಿ, ತಾನು ಹಂಚಿ ಬಂದ ಮೇಜುಗಳ ಸಾಲನ್ನು ನೋಡಿದಳು.

"ಆ ಕಡೆ ಎಲ್ರಿಗೂ ಕೊಟ್ಟು ಬಂದೆ ಮೇಡಮ್. ಕಂಗ್ರಾಟ್ಸ್ ಅಂದು ತಿಂದ್ರು. ಒಬ್ರೂ ನಿಜ ಹೇಳ್ಲಿಲ್ಲ."

ಎತ್ತಿಟ್ಟಿದ್ದ ದೊಡ್ಡ ತುಂಡನ್ನು ನಂದಿತಾಳ ಮುಂದಿಟ್ಟು, ಅವಳ ಖಾಲಿ ಕಪ್ಪನ್ನು ತೊಳೆಯಲು ತೆಗೆದುಕೊಂಡು ಹೋದಳು.