ಚೋಟಿಯ ಬಾಟಲಿಗಳು

ಮೂರನೇ ಸಲವೂ ಸತ್ತವು.

ಚೋಟಿ ಮೈಕ್ರೋಸ್ಕೋಪಿನಿಂದ ಕಣ್ಣು ಕೀಳದೆ ಕೂತೇ ಇದ್ದಳು. ಮೊನ್ನೆ ಸಂಜೆ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಆರಾಮಾಗಿ ಕೈಕಾಲು ಚಾಚಿದ್ದ ಜೀವಕೋಶಗಳು ಈಗ ಉಂಡೆಯಾಗಿ ಮುದುಡಿ ತೇಲುತ್ತಿದ್ದವು. ಇವು ಚರ್ಮದ ಜೀವಕೋಶಗಳು. ತಳವೆಲ್ಲ ತುಂಬಿ ಬೆಳೆದ ಮೇಲೆ ನಡುವೆ ಒಂದು ಗೆರೆ ಗೀರಿ, ಆ ಗಾಯವನ್ನು ಅವು ಎಷ್ಟು ಹೊತ್ತಿನಲ್ಲಿ ಮುಚ್ಚುತ್ತವೆಂದು ಅಳೆಯುವುದು ಅವಳ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟು. ಗೀರುವ ಮಾತು ಹಾಗಿರಲಿ, ತಳ ತುಂಬುವ ತನಕ ಬದುಕಿದರೆ ತಾನೇ!

"ನಿನ್ನ ಕೈಗುಣಾನೇ ಸರಿಯಿಲ್ಲ ಬಿಡು" ಎಂದ ಪಕ್ಕದ ಮೇಜಿನ ಸಂಶೋಧನಾ ವಿದ್ಯಾರ್ಥಿ. ಐದು ವರ್ಷದಲ್ಲಿ ಒಂದು ದಿನವೂ ಒಂದು ನಿಮಿಷ ತಡವಾಗಿ ಬಂದವನಲ್ಲವಾದ್ದರಿಂದ ಅವನಿಗೆ ಗಡಿಯಾರ ಎಂದೇ ಹೆಸರು.

ತಮಾಷೆಗೆ ಆಡಿದ ಮಾತು. ಆದರೂ ಚೋಟಿಯ ಎದೆಗೆ ನಾಟಿತು, ಯಾಕೆಂದರೆ ಅವಳೂ ಒಳಗೊಳಗೇ ಅದನ್ನೇ ನಂಬತೊಡಗಿದ್ದಳು. ಕೈಗವಸನ್ನು ಎರಡೆರಡು ಸಲ ಬದಲಾಯಿಸಿದ್ದಳು. ಫ್ಲಾಸ್ಕು ತೆರೆಯುವಾಗ ಉಸಿರು ಬಿಗಿಹಿಡಿದಿದ್ದಳು. ಗುನುಗುವ ಅಭ್ಯಾಸ ಬಿಟ್ಟಿದ್ದಳು. ಒಂದು ಸಲ ಯಾರೂ ಇಲ್ಲದ್ದು ನೋಡಿ, ಇನ್‌ಕ್ಯುಬೇಟರಿನ ಬಾಗಿಲು ಮುಚ್ಚುವ ಮುಂಚೆ "ದಯವಿಟ್ಟು ಸಾಯ್ಬೇಡ್ರೋ" ಎಂದು ಬೇಡಿಕೊಂಡೂ ಇದ್ದಳು. ವಿಜ್ಞಾನ ಓದಿದವಳು ಹೀಗೆ ಮಾಡಬಹುದೇ ಎಂದು ಕೇಳುವವರು ತಾವೊಮ್ಮೆ ಜೀವಕೋಶ ಸಾಕಿ ನೋಡಲಿ, ಆಮೇಲೆ ಮಾತಾಡೋಣ.

ಗೈಡ್ ಮೇಡಂ ಕೆಟ್ಟವರಲ್ಲ, ಆದರೆ ಕಡ್ಡಿ ಮುರಿದ ಹಾಗೆ ಮಾತಾಡುವವರು. "ಶುಕ್ರವಾರದ ಮೀಟಿಂಗಿಗೆ ಕಾರಣ ಹುಡುಕ್ಕೊಂಡು ಬಾ. ಸಿಗಲಿಲ್ಲಾಂದ್ರೆ ಲ್ಯಾಬ್ ಬಿಟ್ಟುಬಿಡು. ಲೈಬ್ರರೀಲಿ ಕೂತು ಬೇರೆಯವರ ಪ್ರಯೋಗಗಳ ಬಗ್ಗೆ ವರದಿ ಬರಿ. ಪಾಸಾಗ್ತೀಯ." ಪಾಸಾಗುವುದೇನೋ ಸರಿ. ಆದರೆ ಮುಂದಿನ ವರ್ಷಕ್ಕೆ ಮೇಡಂ ಹತ್ತಿರ ಸಂಶೋಧನೆಗೆ ಇದ್ದದ್ದು ಒಂದೇ ಒಂದು ಜಾಗ. ಲೈಬ್ರರಿಯಲ್ಲಿ ಕೂತವರಿಗೆ ಅದು ದಕ್ಕುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಲ್ಯಾಬಿನ ಹಿಂದೆ, ಓಣಿಯಂಥ ಕಾರಿಡಾರಿನ ಕೊನೆಯಲ್ಲಿ, ತೊಳೆಯುವ ಕೋಣೆ. ಎರಡು ದೊಡ್ಡ ಸಿಂಕು, ಬಾಟಲಿ ಒಣಗಿಸುವ ಓವನ್ನು, ಕುಕ್ಕರಿನ ದೊಡ್ಡಣ್ಣನಂಥ ಆಟೋಕ್ಲೇವು. ಇಪ್ಪತ್ತೆರಡು ವರ್ಷದಿಂದ ಆ ಕೋಣೆಗೆ ಒಡತಿ ದೊಡ್ಡಮ್ಮ. ವಿಭಾಗದ ಮುಖ್ಯಸ್ಥರಿಂದ ಹಿಡಿದು ಮೊನ್ನೆ ಮೊನ್ನೆ ಸೇರಿದವರ ತನಕ ಎಲ್ಲರಿಗೂ ಆಕೆ ದೊಡ್ಡಮ್ಮನೇ. ಹಾಗಾಗಿ ಚೋಟಿಯೂ ಹಾಗೇ ಕರೆದರೆ ಯಾರ ಕಿವಿಯೂ ನಿಮಿರುತ್ತಿರಲಿಲ್ಲ. ಆಕೆ ಚೋಟಿಯ ತಾಯಿಯ ಒಡಹುಟ್ಟಿದ ಅಕ್ಕ, ತಂಗಿ ತೀರಿಕೊಂಡಾಗ ಚೋಟುದ್ದ ಇದ್ದ ಹುಡುಗಿಯನ್ನು ಎತ್ತಿಕೊಂಡು ಬಂದು ಸಾಕಿದವಳು ಎಂಬುದು ವಿಭಾಗದಲ್ಲಿ ನರಪಿಳ್ಳೆಗೂ ಗೊತ್ತಿರಲಿಲ್ಲ. ಒಂದೇ ಮನೆಯಿಂದ ಹೊರಟು, ದೊಡ್ಡಮ್ಮ ಮುಂಚಿನ ಬಸ್ಸು ಹಿಡಿದರೆ ಚೋಟಿ ಆಮೇಲಿನ ಬಸ್ಸು ಹಿಡಿಯುತ್ತಿದ್ದಳು.

ಇದು ದೊಡ್ಡಮ್ಮನದೇ ಕಟ್ಟಪ್ಪಣೆ. "ನೀನು ಚೆನ್ನಾಗಿ ಮಾಡಿದ್ರೆ, ದೊಡ್ಡಮ್ಮನ ಮುಖ ನೋಡಿ ಮಾರ್ಕ್ಸ್ ಕೊಟ್ರು ಅಂತಾರೆ. ಕೆಟ್ಟದಾಗಿ ಮಾಡಿದ್ರೆ, ಬಾಟಲಿ ತೊಳೆಯೋಳ ಮನೆ ಹುಡುಗಿ ಅಲ್ವಾ ಅಂತಾರೆ. ಎರಡೂ ಬೇಡ. ಅಲ್ಲಿ ನೀನ್ಯಾರೋ ನಾನ್ಯಾರೋ."

ದೊಡ್ಡಮ್ಮನಿಗಿದ್ದ ಜಂಬ ಒಂದೇ. ಇಪ್ಪತ್ತೆರಡು ವರ್ಷದಲ್ಲಿ ಆಕೆ ತೊಳೆದ ಒಂದೇ ಒಂದು ಬಾಟಲಿಯೂ ಸರಿಯಿಲ್ಲವೆಂದು ವಾಪಸು ಬಂದಿರಲಿಲ್ಲ.

ಆ ಸಂಜೆ ಮನೆಯಲ್ಲಿ ದೊಡ್ಡಮ್ಮ ಚೋಟಿಯ ಮುಖ ನೋಡಿದ್ದೇ, ತಟ್ಟೆಗೆ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಮತ್ತೆ ಹೋದವಾ?"

"ಹೂಂ."

"ಊಟ ಸರಿಯಾಗಿ ಹಾಕಿದ್ಯೇನೇ ಅವಕ್ಕೆ?"

"ಹಾಕಿದೀನಿ ದೊಡ್ಡಮ್ಮ. ನಾನೇ ಕಲಸಿದ ಮೀಡಿಯಂ, ನನ್ನ ಬಾಟಲೀಲೇ ಇಟ್ಟಿದ್ದು." ಮೀಡಿಯಂ ಎಂದರೆ ಜೀವಕೋಶಗಳು ಮುಳುಗಿ ಕೂರುವ ಗುಲಾಬಿ ಬಣ್ಣದ ನೀರು, ಅವುಗಳ ಊಟ. ಲ್ಯಾಬಿನಲ್ಲಿ ಪ್ರತಿಯೊಬ್ಬರೂ ಅದನ್ನು ತಾವೇ ತಯಾರಿಸಿ, ತಮ್ಮ ಹೆಸರು ಬರೆದ ಗಾಜಿನ ಬಾಟಲಿಗಳಲ್ಲಿ ತುಂಬಿಡುತ್ತಿದ್ದರು.

ದೊಡ್ಡಮ್ಮ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ಮುಂದಿನ ಸಲ ಎಲ್ಲ ಸರಿಹೋಗುತ್ತೆ, ನೋಡ್ತಿರು" ಎಂದಳು. ತಾನೇ ಏನೋ ಒಂದು ನಿರ್ಧಾರ ಮಾಡಿದವಳ ಹಾಗಿತ್ತು ಆ ದನಿ. ಚೋಟಿ ಅದನ್ನು ಬರೀ ಸಮಾಧಾನದ ಮಾತೆಂದುಕೊಂಡಳು.

ಗಡಿಯಾರನಿಗೆ ತಾನು ಆಡಿದ ಮಾತು ಚುಚ್ಚುತ್ತಿತ್ತೋ ಏನೋ, ಮರುದಿನ ತನ್ನ ಮೀಡಿಯಂನಲ್ಲಿ ಅರ್ಧ ಬಾಟಲಿಯಷ್ಟನ್ನು ತನ್ನ ಬಾಟಲಿಯ ಸಮೇತ ಕೊಟ್ಟ. ಚೋಟಿ ಹೊಸ ಫ್ಲಾಸ್ಕಿಗೆ ಅದನ್ನು ಹಾಕಿದಳು. ಬುಧವಾರ ಜೀವಕೋಶಗಳು ಬದುಕಿದ್ದವು. ಗುರುವಾರವೂ ಬದುಕಿದ್ದವು, ಅಷ್ಟೇ ಅಲ್ಲ, ಒಂದು ಎರಡಾಗಿ ಹೆಚ್ಚುತ್ತಿದ್ದವು.

"ಪೌಡರ್ ಒಂದೇ, ನೀರು ಒಂದೇ, ಫ್ರಿಜ್ಜೂ ಒಂದೇ" ಎಂದು ಗಡಿಯಾರ ಬೆರಳು ಮಡಿಸಿದ. "ಉಳಿದಿದ್ದು ಬಾಟಲಿ ಮಾತ್ರ."

"ಬಾಟಲಿ ಆಗಿರಲ್ಲ ಅಣ್ಣಾ. ದೊಡ್ಡಮ್ಮ ತೊಳೆದಿರೋದು."

"ಅದೂ ನಿಜಾನೇ" ಎಂದು ಅವನು ಆ ಬೆರಳನ್ನು ಬಿಚ್ಚಿಬಿಟ್ಟ.

ಆದರೂ ಅವನು ಊಟಕ್ಕೆ ಹೋದ ಮೇಲೆ ಚೋಟಿ ತನ್ನ ಹೆಸರಿನ ಒಂದು ಖಾಲಿ ಬಾಟಲಿ ಎತ್ತಿಕೊಂಡು, ಸ್ವಲ್ಪ ಶುದ್ಧ ನೀರು ಹಾಕಿ, ಮುಚ್ಚಳ ಬಿಗಿದು ಕುಲುಕಿದಳು. ನೊರೆ ಎದ್ದಿತು. ಕುತ್ತಿಗೆಯ ತನಕ ಎದ್ದು, ಇಳಿಯದೆ ನಿಂತಿತು. ಗಡಿಯಾರನ ಖಾಲಿ ಬಾಟಲಿಯೊಂದಕ್ಕೂ ಅದೇ ನೀರು ಹಾಕಿ ಕುಲುಕಿ ನೋಡಿದಳು. ನೀರು ನೀರಾಗಿಯೇ ಇತ್ತು. ತನ್ನ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ನಿಂಬೆಹಣ್ಣಿನ ವಾಸನೆ, ಇದೆಯೋ ಇಲ್ಲವೋ ಎನ್ನುವಷ್ಟು. ವಿಭಾಗದ ಸೋಪಿನ ಪುಡಿಗೆ ವಾಸನೆಯೇ ಇಲ್ಲ. ಇದು ಮನೆಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ವಾಸನೆ. ಈಚೆಗೆ ಆ ಡಬ್ಬಿ ವಾರಕ್ಕೊಂದರಂತೆ ಖಾಲಿಯಾಗುತ್ತಿದ್ದದ್ದೂ, "ಇಬ್ಬರ ಪಾತ್ರೆಗೆ ಇಷ್ಟೊಂದಾ?" ಎಂದು ಕೇಳಿದಾಗ ದೊಡ್ಡಮ್ಮ ಮಾತು ಹಾರಿಸಿದ್ದೂ ನೆನಪಾಗಿ, ಚೋಟಿ ಮುಚ್ಚಳ ತಿರುಗಿಸಿ ಬಾಟಲಿ ಕೆಳಗಿಟ್ಟಳು.

ಎಲ್ಲರ ಬಾಟಲಿಗೂ ಒಂದು ಸಲ ಸೋಪು. ಇವಳ ಬಾಟಲಿಗೆ ಎರಡು ಸಲ, ಎರಡನೆಯದು ಮನೆಯಿಂದ ತಂದ ಒಳ್ಳೆಯ ಸೋಪು. ಜಾಲಿಸುವುದು ಮಾತ್ರ ಎಲ್ಲಕ್ಕೂ ಒಂದೇ ಲೆಕ್ಕ, ನಲ್ಲಿ ನೀರಲ್ಲಿ ಹತ್ತು ಸಲ, ಶುದ್ಧ ನೀರಲ್ಲಿ ಮೂರು ಸಲ. ಒಂದು ಸಲದ ಸೋಪಿಗೆ ಸಾಕಾಗುತ್ತಿದ್ದ ಲೆಕ್ಕ ಎರಡಕ್ಕೆ ಸಾಕಾಗಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸೋಪು ಗಾಜಿಗೆ ಅಂಟಿಕೊಂಡು ಉಳಿದಿತ್ತು, ಜೀವಕೋಶ ಸಾಯಲು ಅಷ್ಟು ಸಾಕು. ಅವು ಸತ್ತವೆಂದು ಚೋಟಿ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದಾಗಲೆಲ್ಲ, ಮರುದಿನ ದೊಡ್ಡಮ್ಮ ಇನ್ನಷ್ಟು ಸೋಪು ಸುರಿದು ಇನ್ನಷ್ಟು ಉಜ್ಜಿದ್ದಾಳೆ. ಚೋಟಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು.

ಶುಕ್ರವಾರದ ಮೀಟಿಂಗಿನಲ್ಲಿ ಮೇಡಂ ಕೇಳಿದರು, "ಕಾರಣ ಸಿಕ್ಕಿತಾ?"

ಬಾಟಲಿ ಎಂದರೆ ಆಯಿತು, ಪ್ರಾಜೆಕ್ಟು ಉಳಿಯುತ್ತದೆ. ಆದರೆ ಲ್ಯಾಬಿನ ಪುಸ್ತಕದಲ್ಲಿ ಅದನ್ನು ಬರೆಯಬೇಕು, ಮುಖ್ಯಸ್ಥರು ಅದಕ್ಕೆ ಸಹಿ ಹಾಕಬೇಕು. ಇನ್ನು ಎಂಟು ತಿಂಗಳಿಗೆ ನಿವೃತ್ತಿಯಾಗುವ ದೊಡ್ಡಮ್ಮನ ಇಪ್ಪತ್ತೆರಡು ವರ್ಷಕ್ಕೆ ಮಸಿ. ಅದನ್ನು ತನ್ನ ಕೈಯಾರೆ ಬಳಿಯುವುದೇ?

"ನನ್ನದೇ ತಪ್ಪು ಮೇಡಂ. ಮೀಡಿಯಂ ಕಲಸುವಾಗ ಅಳತೆ ತಪ್ಪಿದೆ."

"ಮೂರು ಸಲವೂ?"

"ಮೂರು ಸಲವೂ."

ಗಡಿಯಾರ ತಲೆಯೆತ್ತಿ ಅವಳನ್ನೇ ನೋಡಿದ. ಮೇಡಂ ಪೆನ್ನಿನ ಟೋಪಿ ಮುಚ್ಚಿದರು. "ಸೋಮವಾರದಿಂದ ಲೈಬ್ರರಿಗೆ ಹೋಗು."

ಸಂಜೆ ಚೋಟಿ ಮನೆಗೆ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಎರಡೇ ವಸ್ತುಗಳಿದ್ದವು. ಒಂದು ನಿಂಬೆ ಲಿಕ್ವಿಡ್ಡಿನ ಡಬ್ಬಿ. ಇನ್ನೊಂದು ಚೋಟಿಯ ಹೆಸರಿನ ಬಾಟಲಿ, ಅರ್ಧ ನೀರು, ಅರ್ಧ ನೊರೆ. ದೊಡ್ಡಮ್ಮ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯ ಮೇಲೆ ಕೂತಿದ್ದಳು.

"ಆ ಗಡಿಯಾರ ಬಾಟಲಿ ಕೊಡೋಕೆ ಬಂದಿದ್ದ. ಚೋಟಿಗೆ ಅಳತೆ ತಪ್ಪಿತಂತೆ, ನನಗ್ಯಾಕೋ ನಂಬಿಕೆ ಬರಲ್ಲ ಅಂದ. ನನಗೂ ಬರಲಿಲ್ಲ. ಏಳು ವರ್ಷದವಳಿದ್ದಾಗ ನೀನು ಹಾಲಿಗೆ ಸಕ್ಕರೆ ಚಮಚದ ಮೇಲ್ಭಾಗ ಸಮ ಮಾಡಿ ಹಾಕ್ತಿದ್ದೋಳು, ನಿನಗೆ ಅಳತೆ ತಪ್ಪುತ್ತಾ? ಕುಲುಕಿ ನೋಡಿದೆ." ಆಕೆ ಬಾಟಲಿಯನ್ನು ಚೋಟಿಯ ಕಡೆ ತಳ್ಳಿದಳು. "ನಿಂಗೆ ಗೊತ್ತಿತ್ತಲ್ವಾ?"

"ಹೂಂ. ನಿನ್ನೆ ಗೊತ್ತಾಯ್ತು."

"ಗೊತ್ತಿದ್ದೂ ಸುಳ್ಳು ಹೇಳಿದ್ಯಾ? ನನಗೋಸ್ಕರ?"

"ಇಪ್ಪತ್ತೆರಡು ವರ್ಷ ದೊಡ್ಡಮ್ಮ..."

"ಸುಡುಗಾಡು ಇಪ್ಪತ್ತೆರಡು ವರ್ಷ!" ದೊಡ್ಡಮ್ಮ ಮೇಜು ಗುದ್ದಿದಳು. ನೊರೆ ಕೂಡ ಅಲುಗಿತು. "ಅಷ್ಟು ವರ್ಷ ಅಲ್ಲಿ ನಿಂತು ಉಜ್ಜಿದ್ದು ಒಳಗಿರೋರು ನಿಜ ಕಂಡುಹಿಡೀಲಿ ಅಂತ. ಸುಳ್ಳು ಬರೀಲಿ ಅಂತಲ್ಲ. ನಾನು ಮಾಡಿದ ತಪ್ಪಿಗೆ ನೀನು ಲೈಬ್ರರೀಲಿ ಕೂತ್ರೆ, ನನ್ನ ಗಂಟಲಲ್ಲಿ ಅನ್ನ ಇಳಿಯುತ್ತೇನೇ?" ಅಷ್ಟು ಹೇಳಿ ಆಕೆ ಮಗುವಿನ ಹಾಗೆ ಅತ್ತುಬಿಟ್ಟಳು. "ಚೆನ್ನಾಗಿರ್ಲಿ ಅಂತ ಮಾಡಿದೆ ಕಣೇ. ಸರ್ಕಾರಿ ಸೋಪು ಎಲ್ಲರಿಗೂ ಆದೀತು, ನಿಂಗೆ ಸಾಲದು ಅನ್ನಿಸ್ತು."

ಚೋಟಿ ಆಕೆಯ ಕಾಲ ಬಳಿ ಕೂತು ಚಪ್ಪಲಿ ಬಿಚ್ಚಿದಳು. ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಸೋಮವಾರ ಇಬ್ಬರೂ ಒಂದೇ ಬಸ್ಸು ಹಿಡಿದರು. ದೊಡ್ಡಮ್ಮ ನೇರ ಮೇಡಂ ಕೋಣೆಗೆ ನಡೆದಳು, ಹಿಂದೆ ಚೋಟಿ. ಮೇಡಂ ಎದುರಿಗೆ ಬಾಟಲಿ ಕುಲುಕಿ ತೋರಿಸಿ, "ಈ ಹುಡುಗಿ ಅಳತೆ ತಪ್ಪಿಲ್ಲ ಮೇಡಂ, ನಾನು ತಪ್ಪಿದೀನಿ. ಪುಸ್ತಕದಲ್ಲಿ ಬರೀರಿ" ಎಂದಳು.

ಮೇಡಂ ನೊರೆಯನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು. "ಬೇರೆ ಯಾರ ಬಾಟಲೀಲೂ ಇಲ್ಲದ್ದು ಇವಳ ಬಾಟಲೀಲಿ ಮಾತ್ರ ಯಾಕೆ?"

"ನನ್ನ ತಂಗಿ ಮಗಳು ಮೇಡಂ. ನಾನೇ ಸಾಕಿದ್ದು."

ಕಡ್ಡಿ ಮುರಿದ ಹಾಗೆ ಮಾತಾಡುವ ಮೇಡಂಗೆ ಒಂದು ಕ್ಷಣ ಮುರಿಯಲು ಕಡ್ಡಿಯೇ ಸಿಗಲಿಲ್ಲ. ಆಮೇಲೆ ಪುಸ್ತಕ ತೆಗೆದು, ಕಾರಣ: ಬಾಟಲಿಯಲ್ಲಿ ಸೋಪಿನ ಅಂಶ, ಎಂದು ಬರೆದರು. ಚೋಟಿಗೆ ಆರು ವಾರ ಕೊಟ್ಟರು, ಜೊತೆಗೆ ಮೀಟಿಂಗಿನಲ್ಲಿ ಸುಳ್ಳು ಹೇಳಿದ್ದಕ್ಕೆ ಮುಖಕ್ಕೆ ಹೊಡೆದ ಹಾಗೆ ಎರಡು ಮಾತೂ ಕೊಟ್ಟರು. ದೊಡ್ಡಮ್ಮನ ಕಡೆ ತಿರುಗಿ ಮಾತ್ರ ಮೆಲ್ಲಗೆ ಹೇಳಿದರು: "ಇನ್ಮೇಲೆ ಇವಳ ಬಾಟಲೀನೂ ಎಲ್ಲರ ಬಾಟಲಿ ತೊಳೆದ ಹಾಗೇ ತೊಳೀಬೇಕು. ಆಗುತ್ತಾ ದೊಡ್ಡಮ್ಮ?"

"ಆಗುತ್ತೆ" ಎಂದಳು ದೊಡ್ಡಮ್ಮ, ಸ್ವಲ್ಪ ತಡವಾಗಿ.

ಐದನೇ ವಾರ ಚೋಟಿ ಗೆರೆ ಗೀರಿದಳು. ಒಂದು ದಿನದ ನಂತರ ನೋಡಿದರೆ ಎರಡೂ ದಡದ ಜೀವಕೋಶಗಳು ಮೆಲ್ಲಗೆ ಸರಿದು ಬಂದು ಒಂದನ್ನೊಂದು ಮುಟ್ಟಿದ್ದವು. ಗಡಿಯಾರ ತನ್ನ ಕೆಲಸ ಬಿಟ್ಟು ಬಂದು ನೋಡಿ, "ಕೈಗುಣ ಅಂದ್ರೆ ಇದು ನೋಡು" ಎಂದು ನಾಚಿಕೆಯಿಲ್ಲದೆ ಹೊಗಳಿದ. ಚೋಟಿ ಕೈಗವಸು ಕಿತ್ತುಹಾಕಿ ಕಾರಿಡಾರಿನ ಕೊನೆಯ ತನಕ ಓಡಿದಳು.

"ಗಾಯ ಮುಚ್ಚಿತು ದೊಡ್ಡಮ್ಮ! ಪೂರ್ತಿ!"

ದೊಡ್ಡಮ್ಮ ಸಿಂಕಿನಿಂದ ತಿರುಗಲಿಲ್ಲ. ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲಿ ಅದನ್ನೇ ಹಿಡಿದು ನಿಂತಳು. "ನಾನು ಜಾಸ್ತಿ ಏನೂ ಮಾಡ್ಲಿಲ್ಲ ಕಣೇ. ಎಲ್ಲರ ಹಾಗೇ. ಒಂದೇ ಸಲ ಸೋಪು."

"ಗೊತ್ತು ದೊಡ್ಡಮ್ಮ."

"ದಿನಾ ನಿನ್ನ ಬಾಟಲಿ ಕೈಗೆ ಬಂದಾಗ, ಅಷ್ಟಕ್ಕೇ ಬಿಟ್ಟು ಇಡೋದು" ಎಂದು ಆಕೆ ಈ ಕಡೆ ತಿರುಗಿದಳು, ಕಣ್ಣು ತುಂಬಿತ್ತು, "ಎಷ್ಟು ಕಷ್ಟ ಆಯ್ತು ಗೊತ್ತಾ ನಿಂಗೆ?"